ದುಃಖವನ್ನು ಆಲಿಸಿದ ವೈದ್ಯ: ಕಥೆಗಾರ ಆಂಟನ್ ಚೆಕಾವ್

ಬ್ಯಾಂಕಿನ ಉದ್ಯೋಗದಲ್ಲಿರುವವರಿಗೆ ಸಾವು ಎಂಬುದು ಒಂದು ಕಡತದ ರೂಪದಲ್ಲಿ ಎದುರಾಗುತ್ತದೆ. ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಪಾಸ್‌ಬುಕ್, ಅರ್ಜಿಯ ಮೇಲೆ ಸಹಿ, ಇಷ್ಟು ಸರಿಯಾಗಿದ್ದರೆ ತೀರಿಕೊಂಡವರ ಖಾತೆ ಮುಚ್ಚುತ್ತದೆ. ಹಲವು ವರ್ಷಗಳ ಹಿಂದೆ ಮುಂಬಯಿಯ ಉಪನಗರವೊಂದರ ಶಾಖೆಯಲ್ಲಿ ನಾನು ಈ ಮೇಜಿನ ಹೊಣೆ ಹೊತ್ತಿದ್ದಾಗ, ವೃದ್ಧರೊಬ್ಬರು ತಮ್ಮ ಮಗನ ಖಾತೆಯನ್ನು ಮುಚ್ಚಿಸಲು ಬಂದಿದ್ದರು. ಕಾಗದಪತ್ರಗಳೆಲ್ಲ ಕ್ರಮವಾಗಿದ್ದವು. ಆದರೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಮಗನಿಗೆ ಜ್ವರ ಬಂದ ದಿನದಿಂದ ಆರಂಭಿಸಿ ಹೇಳತೊಡಗಿದರು. ಅವರ ಹಿಂದೆ ಸಾಲು ಬೆಳೆಯುತ್ತಿತ್ತು. ಹಣ ಒಂದು ವಾರದೊಳಗೆ ಜಮೆಯಾಗುವುದೆಂದು ನಾನು ವಿನಯದಿಂದಲೇ ತಿಳಿಸಿ, ಮುಂದಿನವರನ್ನು ಕರೆದೆ. ಹೊತ್ತು ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳಿ ಅವರು ಹೊರಟುಹೋದರು. ನಿಯಮದ ಪ್ರಕಾರ ನನ್ನಿಂದ ಯಾವ ತಪ್ಪೂ ಆಗಿರಲಿಲ್ಲ.

ಅಂದು ರಾತ್ರಿ ನನಗೆ ನೆನಪಾದದ್ದು ಕಾಲೇಜಿನ ದಿನಗಳಲ್ಲಿ ಓದಿದ್ದ ಒಂದು ಸಣ್ಣಕತೆ. ಪೀಟರ್ಸ್‌ಬರ್ಗ್ ನಗರದಲ್ಲಿ ಹಿಮ ಸುರಿಯುವ ಸಂಜೆ. ಅಯೋನ ಎಂಬ ಮುದುಕ ಗಾಡಿಯವನ ಮಗ ಆ ವಾರವಷ್ಟೇ ಜ್ವರದಿಂದ ಸತ್ತಿದ್ದಾನೆ. ಗಾಡಿ ಹತ್ತಿದ ಸೈನ್ಯಾಧಿಕಾರಿಗೆ ಅದನ್ನು ಹೇಳಲು ಯತ್ನಿಸುತ್ತಾನೆ, ಅವನಿಗೆ ಅವಸರ. ಮೂವರು ತರುಣರಿಗೆ ಹೇಳುತ್ತಾನೆ. ಅವರು ಬೈದು ನಗುತ್ತಾರೆ. ಗಾಡಿಯವರ ತಂಗುದಾಣದಲ್ಲಿ ನೀರು ಕುಡಿಯಲೆಂದು ಎದ್ದ ಹುಡುಗನೊಬ್ಬನಿಗೆ ಹೇಳುತ್ತಾನೆ. ಅವನು ಮುಸುಕೆಳೆದು ಮಲಗಿಬಿಡುತ್ತಾನೆ. ಕೊನೆಗೆ ಅಯೋನ ಲಾಯಕ್ಕೆ ಹೋಗಿ, ಹುಲ್ಲು ಮೆಲ್ಲುತ್ತಿರುವ ತನ್ನ ಬಡಕಲು ಕುದುರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ನಾಲ್ಕೈದು ಪುಟಗಳ ಈ ಕಥೆಯ ಹೆಸರನ್ನು ಕನ್ನಡದಲ್ಲಿ ‘ಸಂಕಟ’ ಎನ್ನಬಹುದು. 1886ರ ಜನವರಿಯಲ್ಲಿ ಪೀಟರ್ಸ್‌ಬರ್ಗಿನ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾದಾಗ ಬರೆದವನಿಗೆ ಇಪ್ಪತ್ತಾರು ವರ್ಷ ತುಂಬುತ್ತಿತ್ತು. ವೃತ್ತಿಯಿಂದ ಅವನು ವೈದ್ಯ. ಒಂದು ವರ್ಷದ ಹಿಂದೆಯೇ ಕೆಮ್ಮಿದಾಗ ರಕ್ತ ಬಂದದ್ದನ್ನು ಕಂಡಿದ್ದವನು. ಅವನೇ ಆಂಟನ್ ಚೆಕಾವ್. ಜಗತ್ತಿನ ಸಣ್ಣಕತೆಯ ದಾರಿಯನ್ನೇ ಬದಲಿಸಿದ ಆ ಮಹನೀಯನ ಬಾಳನ್ನು ಸಹೃದಯ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಆಂಟನ್ ಪಾವ್ಲೊವಿಚ್ ಚೆಕಾವ್ ಜನಿಸಿದ್ದು 1860ರ ಜನವರಿ 29ರಂದು; ರಷ್ಯದಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಪಂಚಾಂಗದ ಪ್ರಕಾರ ಜನವರಿ 17. ಊರು ದಕ್ಷಿಣ ರಷ್ಯದಲ್ಲಿ ಅಜೋವ್ ಸಮುದ್ರದ ದಂಡೆಯ ಮೇಲಿರುವ ತಗನ್‌ರೋಗ್ ಎಂಬ ಬಂದರು ಪಟ್ಟಣ. ಅವನ ತಾತ ಯೆಗೊರ್ ಜಮೀನ್ದಾರನಿಗೆ ಸೇರಿದ ಜೀತದ ರೈತ. ಕಾಸಿಗೆ ಕಾಸು ಕೂಡಿಸಿ, 1841ರಲ್ಲಿ ತನ್ನ ಸಂಸಾರದ ಬಿಡುಗಡೆಯನ್ನು ಹಣ ಕೊಟ್ಟು ಪಡೆದವನು. ತಂದೆ ಪಾವೆಲ್ ದಿನಸಿ ಅಂಗಡಿ ಇಟ್ಟಿದ್ದ. ದೈವಭಕ್ತ, ಚರ್ಚಿನ ಗಾಯನವೃಂದದ ಮುಖ್ಯಸ್ಥ, ಆದರೆ ಮಕ್ಕಳ ಪಾಲಿಗೆ ಬೆತ್ತ ಹಿಡಿದ ಯಜಮಾನ. ಚಳಿಗೆ ಕೈ ಮರಗಟ್ಟುವಂತಹ ಸಂಜೆಗಳಲ್ಲಿ ಬಾಲಕ ಆಂಟನ್ ಅಂಗಡಿಯ ಗಲ್ಲೆಯ ಹಿಂದೆ ಕುಳಿತು ಶಾಲೆಯ ಪಾಠ ಒಪ್ಪಿಸಿಕೊಳ್ಳಬೇಕಾಗಿತ್ತು. ತಾಯಿ ಯೆವ್ಗೇನಿಯಾ ಮೃದು ಸ್ವಭಾವದವಳು, ಕಥೆ ಹೇಳುವುದರಲ್ಲಿ ಜಾಣೆ. ಪ್ರತಿಭೆ ತಂದೆಯ ಕಡೆಯಿಂದ ಬಂತು, ಹೃದಯ ತಾಯಿಯ ಕಡೆಯಿಂದ ಬಂತು ಎಂದು ಚೆಕಾವ್ ಮುಂದೆ ಆಪ್ತರಲ್ಲಿ ಹೇಳಿಕೊಳ್ಳುತ್ತಿದ್ದ. ಬದುಕುಳಿದ ಆರು ಮಕ್ಕಳಲ್ಲಿ ಅವನು ಮೂರನೆಯವನು. ಪುಟ್ಟ ತಂಗಿಯೊಬ್ಬಳು 1871ರಲ್ಲಿ ಎರಡು ವರ್ಷದವಳಿದ್ದಾಗ ತೀರಿಕೊಂಡಳು. ಸಾವು ಆ ಮನೆಯ ಹೊಸ್ತಿಲನ್ನು ಬಹು ಬೇಗನೆ ದಾಟಿ ಬಂದಿತ್ತು.

1876ರಲ್ಲಿ ತಂದೆಯ ವ್ಯಾಪಾರ ದಿವಾಳಿಯಾಯಿತು. ಸಾಲಗಾರರ ಸೆರೆಮನೆಗೆ ಹೆದರಿ ಪಾವೆಲ್ ಮಾಸ್ಕೋ ನಗರಕ್ಕೆ ಓಡಿಹೋದ. ಉಳಿದವರು ಹಿಂದೆಯೇ ಹೋದರು. ಹದಿನಾರರ ಆಂಟನ್ ಮಾತ್ರ ಶಾಲೆ ಮುಗಿಸಲು ಊರಿನಲ್ಲಿ ಉಳಿದ. ಅವರು ಬಾಳಿದ್ದ ಮನೆ ಪರಿಚಿತನೊಬ್ಬನ ವಶವಾಯಿತು. ಅದೇ ಮನೆಯ ಮೂಲೆಯಲ್ಲಿ ಇರಲು ಹುಡುಗನಿಗೆ ಜಾಗ ದೊರೆಯಿತು. ಪ್ರತಿಯಾಗಿ ಮನೆಯ ಹೊಸ ಯಜಮಾನನ ಸಂಬಂಧಿಕ ಹುಡುಗನಿಗೆ ಪಾಠ ಹೇಳಬೇಕು. ಮನೆಪಾಠ ಮಾಡಿ, ಉಳಿದಿದ್ದ ಸಾಮಾನು ಮಾರಿ, ಮಾಸ್ಕೋದಲ್ಲಿ ಅನ್ನಕ್ಕೆ ಪರದಾಡುತ್ತಿದ್ದ ಹೆತ್ತವರಿಗೇ ಹಣ ಕಳಿಸುತ್ತಿದ್ದ. ಮೂರು ವರ್ಷ ಹೀಗೆ ಒಂಟಿಯಾಗಿ ಕಳೆದ ಹುಡುಗ 1879ರಲ್ಲಿ ಮಾಸ್ಕೋ ತಲುಪಿ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವನ್ನು ಸೇರುವ ವೇಳೆಗೆ, ವಯಸ್ಸಿನಲ್ಲಿ ಮೂರನೆಯವನಾದರೂ ಜವಾಬ್ದಾರಿಯಲ್ಲಿ ಮನೆಗೆ ಹಿರಿಯನಾಗಿದ್ದ.

ಬರವಣಿಗೆ ಆರಂಭವಾದದ್ದು ಹೊಟ್ಟೆಪಾಡಿಗಾಗಿ. 1880ರಿಂದ ಹಾಸ್ಯ ಪತ್ರಿಕೆಗಳಿಗೆ ಸಾಲಿಗಿಷ್ಟು ಕೊಪೆಕ್ ಎಂಬ ಲೆಕ್ಕದಲ್ಲಿ ನಗೆಬರಹ ಬರೆಯತೊಡಗಿದ. ಅಂತೋಷ ಚೆಖೊಂತೆ ಎಂಬುದು ಅವನ ಕಾವ್ಯನಾಮಗಳಲ್ಲಿ ಪ್ರಸಿದ್ಧವಾದದ್ದು. ಒಂದು ಪತ್ರಿಕೆಯ ಸಂಪಾದಕ ನೂರು ಸಾಲಿನ ಮಿತಿ ಹಾಕಿದ್ದ. ಆ ಇಕ್ಕಟ್ಟೇ ಚೆಕಾವನಿಗೆ ಗುರುವಾಯಿತು ಎನ್ನಬಹುದು. ಪೀಠಿಕೆ ಬೇಡ, ಉಪದೇಶ ಬೇಡ, ವರ್ಣನೆಗೆ ಒಂದೇ ವಿವರ ಸಾಕು ಎಂಬ ಪಾಠ ಅಲ್ಲಿಯೇ ದೊರೆಯಿತು. 1883ರ ‘ಗುಮಾಸ್ತನ ಸಾವು’ ಆ ಕಾಲದ ಕಥೆ. ನಾಟಕ ನೋಡುತ್ತಿದ್ದ ಗುಮಾಸ್ತನೊಬ್ಬ ಸೀನುತ್ತಾನೆ. ಹನಿಗಳು ಮುಂದಿನ ಸಾಲಿನಲ್ಲಿದ್ದ ಹಿರಿಯ ಅಧಿಕಾರಿಯ ಬೋಳುತಲೆಯ ಮೇಲೆ ಬೀಳುತ್ತವೆ. ಅಧಿಕಾರಿ ಅದನ್ನು ಗಮನಕ್ಕೇ ತಂದುಕೊಳ್ಳುವುದಿಲ್ಲ. ಗುಮಾಸ್ತ ಮಾತ್ರ ಮತ್ತೆ ಮತ್ತೆ ಹೋಗಿ ಕ್ಷಮೆ ಕೇಳುತ್ತಾನೆ. ಕೊನೆಗೆ ಅಧಿಕಾರಿ ರೇಗಿ ಹೊರಗಟ್ಟುತ್ತಾನೆ. ಮನೆಗೆ ಬಂದವನು ಸಮವಸ್ತ್ರವನ್ನೂ ಬಿಚ್ಚದೆ ಮಂಚದ ಮೇಲೆ ಮಲಗಿ ಪ್ರಾಣ ಬಿಡುತ್ತಾನೆ. ಓದುವಾಗ ನಗು ಬರುತ್ತದೆ. ಮೂವತ್ತು ವರ್ಷ ಮೇಲಧಿಕಾರಿಗಳ ಕೋಣೆಯ ಬಾಗಿಲು ತಟ್ಟಿದವರಿಗೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

1884ರಲ್ಲಿ ವೈದ್ಯ ಪದವಿ ಕೈಗೆ ಬಂತು. ಮೊದಲ ಕಥಾಸಂಗ್ರಹವೂ ಹೊರಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಯಿಯಿಂದ ರಕ್ತ ಬಂತು. ಕ್ಷಯರೋಗದ ಸೂಕ್ಷ್ಮಾಣುವನ್ನು ರಾಬರ್ಟ್ ಕಾಕ್ 1882ರಲ್ಲಿಯೇ ಪತ್ತೆ ಹಚ್ಚಿದ್ದ. ಆದರೆ ಅದನ್ನು ಕೊಲ್ಲುವ ಔಷಧ ಬರಲು ಇನ್ನೂ ಅರುವತ್ತು ವರ್ಷ ಕಾಯಬೇಕಿತ್ತು. ವೈದ್ಯನಾದ ಚೆಕಾವನಿಗೆ ಈ ಲಕ್ಷಣಗಳ ಅರ್ಥ ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಆದರೂ ಗಂಟಲಿನ ರಕ್ತನಾಳವೊಂದು ಒಡೆದಿರಬೇಕು ಎಂದು ಬಂಧುಮಿತ್ರರಿಗೆ ಹೇಳಿ ಮಾತು ಮುಗಿಸಿದ. ಮುಂದಿನ ಹದಿಮೂರು ವರ್ಷ ಅವನು ಬೇರೆ ವೈದ್ಯರಿಂದ ತನ್ನ ಎದೆಯನ್ನು ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಲೇ ಇಲ್ಲ. ಪರರ ರೋಗವನ್ನು ಸೂಕ್ಷ್ಮವಾಗಿ ಆಲಿಸಿದವನು ತನ್ನ ರೋಗದ ಮಾತನ್ನು ಮನೆಯವರ ಕಿವಿಗೆ ಬೀಳಗೊಡಲಿಲ್ಲ. ತಂದೆ ತಾಯಿ, ತಂಗಿ, ತಮ್ಮಂದಿರು ಅವನ ಸಂಪಾದನೆಯನ್ನೇ ನಂಬಿಕೊಂಡಿದ್ದರು ಎಂಬುದನ್ನು ನೆನೆದರೆ ಈ ಮೌನದ ಕಾರಣ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1886 ಅವನ ಬಾಳಿನ ತಿರುವಿನ ವರ್ಷ. ‘ಸಂಕಟ’ ಪ್ರಕಟವಾಯಿತು, ಪೀಟರ್ಸ್‌ಬರ್ಗಿನ ದೊಡ್ಡ ದಿನಪತ್ರಿಕೆಯ ಒಡೆಯ ಸುವೋರಿನ್ ಅವನನ್ನು ಬರೆಯಲು ಆಹ್ವಾನಿಸಿದ, ಹಿರಿಯ ಸಾಹಿತಿ ಗ್ರಿಗೊರೊವಿಚ್ ತಾನಾಗಿಯೇ ಪತ್ರ ಬರೆದು, ಇಂತಹ ಪ್ರತಿಭೆಯನ್ನು ಅವಸರದ ಬರವಣಿಗೆಯಲ್ಲಿ ಪೋಲು ಮಾಡಬಾರದೆಂದು ಬುದ್ಧಿ ಹೇಳಿದ. ತಾನು ಯಾವ ಕಥೆಗೂ ಒಂದು ದಿನಕ್ಕಿಂತ ಹೆಚ್ಚು ಸಮಯ ಕೊಟ್ಟದ್ದಿಲ್ಲವೆಂದು ಚೆಕಾವ್ ನಾಚಿಕೆಯಿಂದ ಒಪ್ಪಿಕೊಂಡ. ಅಲ್ಲಿಂದ ಮುಂದೆ ಸಂಖ್ಯೆ ಇಳಿಯಿತು, ಆಳ ಹೆಚ್ಚಿತು. 1887ರ ‘ವೈರಿಗಳು’ ಕಥೆಯಲ್ಲಿ ಹಳ್ಳಿಯ ವೈದ್ಯನೊಬ್ಬನ ಆರು ವರ್ಷದ ಒಬ್ಬನೇ ಮಗ ಗಂಟಲಮಾರಿಯಿಂದ ಸತ್ತು ಐದು ನಿಮಿಷವೂ ಆಗಿರುವುದಿಲ್ಲ. ಹೆಂಡತಿಗೆ ಪ್ರಾಣಾಪಾಯವಿದೆಯೆಂದು ಶ್ರೀಮಂತನೊಬ್ಬ ಬಾಗಿಲಲ್ಲಿ ನಿಂತು ಬೇಡುತ್ತಾನೆ. ವೈದ್ಯ ಹೊರಡುತ್ತಾನೆ. ಅಲ್ಲಿ ಹೋಗಿ ನೋಡಿದರೆ ಹೆಂಡತಿ ರೋಗದ ನಟನೆ ಮಾಡಿ ಪ್ರಿಯಕರನೊಡನೆ ಓಡಿಹೋಗಿದ್ದಾಳೆ. ಇಬ್ಬರು ದುಃಖಿಗಳು ಒಬ್ಬರನ್ನೊಬ್ಬರು ಸಂತೈಸುವ ಬದಲು ಬಾಯಿಗೆ ಬಂದಂತೆ ಬೈದಾಡುತ್ತಾರೆ. ದುಃಖ ಮನುಷ್ಯರನ್ನು ಹತ್ತಿರ ತರುತ್ತದೆಂಬ ನಮ್ಮ ನಂಬಿಕೆಯನ್ನು ಚೆಕಾವ್ ಇಲ್ಲಿ ಪ್ರಶ್ನಿಸುತ್ತಾನೆ. ‘ಸಂಕಟ’ದಲ್ಲಿ ಕೇಳುವವರು ಸುಖದಲ್ಲಿದ್ದರು, ಕೇಳಲಿಲ್ಲ. ಇಲ್ಲಿ ಇಬ್ಬರೂ ದುಃಖದಲ್ಲಿದ್ದಾರೆ, ಆದರೂ ಕೇಳುವುದಿಲ್ಲ.

1888ರಲ್ಲಿ ರಷ್ಯದ ವಿಜ್ಞಾನ ಅಕಾಡೆಮಿ ಅವನಿಗೆ ಪುಷ್ಕಿನ್ ಪ್ರಶಸ್ತಿ ನೀಡಿತು. ಕೀರ್ತಿ ಬಂದ ಬೆನ್ನಲ್ಲೇ ಮನೆಯಲ್ಲಿ ಸಾವು ಬಂತು. ಅಣ್ಣ ನಿಕೊಲಾಯ್ ಒಳ್ಳೆಯ ಚಿತ್ರಕಾರ, ಆದರೆ ಕುಡಿತಕ್ಕೆ ಸಿಕ್ಕಿದವನು, ಅವನಿಗೂ ಕ್ಷಯ. 1889ರ ಬೇಸಿಗೆಯಲ್ಲಿ ಉಕ್ರೇನಿನ ಸುಮಿ ಪಟ್ಟಣದ ಬಳಿಯ ಹಳ್ಳಿಮನೆಯಲ್ಲಿ ಚೆಕಾವ್ ಅವನನ್ನು ವಾರಗಟ್ಟಲೆ ಆರೈಕೆ ಮಾಡಿದ. ದೊಡ್ಡಣ್ಣ ಅಲೆಕ್ಸಾಂಡರ್ ಬಂದ ಮೇಲೆ, ಸ್ವಲ್ಪ ಬಿಡುವು ಬೇಕೆನಿಸಿ ಸ್ನೇಹಿತರ ಊರಿಗೆ ಹೊರಟ. ಅಲ್ಲಿ ಅವನಿಗೆ ತಲುಪಿದ್ದು ನಿಕೊಲಾಯ್ ತೀರಿಕೊಂಡನೆಂಬ ತಂತಿ. ಮಳೆಯಲ್ಲಿ ನೆನೆದು, ನಿಲ್ದಾಣಗಳಲ್ಲಿ ರಾತ್ರಿ ಕಾದು ಅವನು ಹಿಂದಿರುಗಿದ. ಕೊನೆಯ ಗಳಿಗೆಯಲ್ಲಿ ಅಣ್ಣನ ಹಾಸಿಗೆಯ ಪಕ್ಕದಲ್ಲಿ ಮನೆಯ ವೈದ್ಯ ಇರಲಿಲ್ಲ. ಊರಿನಿಂದ ಫೋನು ಬಂದ ಮೇಲೆ ರಾತ್ರಿಯ ಬಸ್ಸು, ರೈಲು ಹಿಡಿದು ಹೋಗಿ, ಎಲ್ಲ ಮುಗಿದ ಅಂಗಳದಲ್ಲಿ ನಿಂತ ಅನುಭವ ಪರಊರಿನಲ್ಲಿ ನೆಲೆಸಿದ ನಮ್ಮಲ್ಲಿ ಎಷ್ಟು ಮಂದಿಗಿಲ್ಲ?

ಅದೇ ವರ್ಷದ ಕೊನೆಯಲ್ಲಿ ‘ಬೇಸರದ ಕಥೆ’ ಬಂತು. ಹೆಸರಾಂತ ವೈದ್ಯಕೀಯ ಪ್ರಾಧ್ಯಾಪಕನೊಬ್ಬನಿಗೆ ತಾನು ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲವೆಂದು ಗೊತ್ತು. ಬಿರುದು, ಪದಕ, ಶಿಷ್ಯರು ಎಲ್ಲವೂ ಇವೆ. ಸಾಕುಮಗಳಂತೆ ಬೆಳೆದ ಕಾತ್ಯ ಎಂಬ ತರುಣಿ ಬಂದು, ತಾನು ಹೇಗೆ ಬದುಕಬೇಕು ತಿಳಿಸೆಂದು ಅಳುತ್ತ ಕೇಳಿದಾಗ ಅವನ ಬಳಿ ಹೇಳಲು ಏನೂ ಇರುವುದಿಲ್ಲ. ಅರುವತ್ತೆರಡರ ಮುದುಕನ ಮನಸ್ಸನ್ನು ಹೀಗೆ ಬಿಚ್ಚಿಟ್ಟವನಿಗೆ ಆಗ ವಯಸ್ಸು ಇಪ್ಪತ್ತೊಂಬತ್ತು.

ಮರುವರ್ಷ, ಅಂದರೆ 1890ರ ಏಪ್ರಿಲಿನಲ್ಲಿ, ಎಲ್ಲರೂ ಬೆರಗಾಗುವಂತೆ ಅವನು ಸಖಾಲಿನ್ ದ್ವೀಪಕ್ಕೆ ಹೊರಟುನಿಂತ. ಅದು ರಷ್ಯದ ಪೂರ್ವದ ಕೊನೆಯಲ್ಲಿ, ಕೈದಿಗಳನ್ನು ಅಟ್ಟುತ್ತಿದ್ದ ದ್ವೀಪ. ಸೈಬೀರಿಯದ ರೈಲು ಇನ್ನೂ ಹಾಕಿರಲಿಲ್ಲ. ರಕ್ತ ಕೆಮ್ಮುತ್ತಿದ್ದ ದೇಹವನ್ನು ಕುದುರೆಗಾಡಿಯಲ್ಲಿ ಕುಲುಕಿಸಿಕೊಂಡು, ನೆರೆ ಬಂದ ನದಿಗಳನ್ನು ದಾಟಿ, ಜುಲೈಯಲ್ಲಿ ದ್ವೀಪ ತಲುಪಿದ. ಮೂರು ತಿಂಗಳು ಮನೆಮನೆಗೆ ಹೋಗಿ, ಮುದ್ರಿಸಿದ ಚೀಟಿಗಳಲ್ಲಿ ಸುಮಾರು ಹತ್ತು ಸಾವಿರ ಜನರ ವಿವರ ಬರೆದುಕೊಂಡ. ಹೆಸರು, ವಯಸ್ಸು, ಎಲ್ಲಿಂದ ಬಂದವರು, ಏನು ಕಾಯಿಲೆ ಎಂದು ಒಬ್ಬೊಬ್ಬರನ್ನೂ ಕೇಳಿದ. ಒಬ್ಬನೇ ನಡೆಸಿದ ಜನಗಣತಿ ಅದು. ಸಮಾಜ ಸತ್ತವರೆಂದೇ ಭಾವಿಸಿದ್ದ ಜನರ ಮಾತನ್ನು ಕೂತು ಕೇಳುವುದೇ ಆ ಯಾತ್ರೆಯ ಅರ್ಥವಾಗಿತ್ತು ಎನಿಸುತ್ತದೆ. ಆ ವಿವರಗಳೆಲ್ಲ 1895ರಲ್ಲಿ ‘ಸಖಾಲಿನ್ ದ್ವೀಪ’ ಎಂಬ ಗ್ರಂಥವಾದವು. ಅಲ್ಲಿನ ಮಕ್ಕಳ ಶಾಲೆಗಳಿಗೆ ಪುಸ್ತಕಗಳನ್ನು ಕೂಡಿಸಿ ಕಳಿಸುವುದನ್ನು ಅವನು ಮರೆಯಲಿಲ್ಲ.

ಹಿಂದಿರುಗಿದ್ದು ಹಡಗಿನಲ್ಲಿ, ಹಾಂಗ್‌ಕಾಂಗ್, ಸಿಂಗಾಪುರ, ಕೊಲಂಬೊ ಮಾರ್ಗವಾಗಿ. ನಮ್ಮ ನೆರೆಯ ಸಿಂಹಳ ಅವನಿಗೆ ಸ್ವರ್ಗದಂತೆ ಕಂಡಿತು. ಅಲ್ಲಿ ಮುಂಗುಸಿಗಳನ್ನು ಕೊಂಡು ಮಾಸ್ಕೋದ ಮನೆಗೆ ಒಯ್ದು, ಮನೆಯವರ ನಿದ್ದೆ ಕೆಡಿಸಿದ! ಆದರೆ ಸಿಂಗಾಪುರದ ದಾರಿಯಲ್ಲಿ ತೀರಿಕೊಂಡ ಇಬ್ಬರನ್ನು ಸಮುದ್ರಕ್ಕೆ ಇಳಿಬಿಟ್ಟದ್ದನ್ನೂ ಅವನು ಕಂಡಿದ್ದ. ಕೊಲಂಬೊದಲ್ಲಿ ಆರಂಭಿಸಿದ ‘ಗೂಸೆವ್’ ಕಥೆ ಅದರ ಫಲ. ಸೇನೆಯಿಂದ ಬಿಡುಗಡೆಯಾಗಿ ಊರಿಗೆ ಮರಳುತ್ತಿರುವ ಬಡ ಸಿಪಾಯಿ ಹಡಗಿನಲ್ಲಿಯೇ ಸಾಯುತ್ತಾನೆ. ಹಾಯಿಬಟ್ಟೆಯಲ್ಲಿ ಹೊಲಿದ ಅವನ ದೇಹ ನೀರಿನಲ್ಲಿ ಇಳಿಯುವಾಗ ಪುಟ್ಟ ಮೀನುಗಳು ಬರುತ್ತವೆ, ಸೊರ ಮೀನು ಬಂದು ಬಟ್ಟೆಯನ್ನು ಸೀಳುತ್ತದೆ. ಮೇಲೆ ಆಕಾಶದಲ್ಲಿ ಸಂಜೆಯ ಬಣ್ಣಗಳು ಎಂದಿನಂತೆ ಅರಳುತ್ತವೆ. ಲೇಖಕ ಒಂದು ಹನಿ ಕಣ್ಣೀರನ್ನೂ ಹಾಕುವುದಿಲ್ಲ. ಆ ಕೆಲಸವನ್ನು ಓದುಗನಿಗೆ ಬಿಡುತ್ತಾನೆ.

1892ರಲ್ಲಿ ಮಾಸ್ಕೋದ ದಕ್ಷಿಣಕ್ಕಿರುವ ಮೆಲಿಖೊವೊ ಎಂಬಲ್ಲಿ ಜಮೀನು ಕೊಂಡು ಕುಟುಂಬ ಸಮೇತ ನೆಲೆಸಿದ. ಜೀತದವನ ಮೊಮ್ಮಗ ಭೂಮಿಯ ಒಡೆಯನಾದ. ಅದೇ ವರ್ಷ ಕಾಲರಾ ಹರಡುವ ಭೀತಿ ಬಂದಾಗ ಇಪ್ಪತ್ತೈದು ಹಳ್ಳಿಗಳ, ನಾಲ್ಕು ಕಾರ್ಖಾನೆಗಳ ಮತ್ತು ಒಂದು ಮಠದ ವೈದ್ಯಕೀಯ ಹೊಣೆಯನ್ನು ಸಂಬಳವಿಲ್ಲದೆ ಹೊತ್ತ. ಬೆಳಗಾಗುವ ಮೊದಲೇ ರೋಗಿಗಳು ಅವನ ಅಂಗಳದಲ್ಲಿ ಸೇರುತ್ತಿದ್ದರು. ಬಡವರಿಂದ ಹಣ ಪಡೆಯದೆ ಔಷಧವನ್ನೂ ತಾನೇ ಕೊಟ್ಟ. ಸುತ್ತಲಿನ ಹಳ್ಳಿಗಳಲ್ಲಿ ಮೂರು ಶಾಲೆಗಳನ್ನು ಮುಂದೆ ನಿಂತು ಕಟ್ಟಿಸಿದ. ‘ಆರನೆಯ ವಾರ್ಡು’ ಮೊದಲಾದ ದೊಡ್ಡ ಕಥೆಗಳು ಈ ಓಡಾಟದ ನಡುವೆಯೇ ಹುಟ್ಟಿದವು.

1894ರ ‘ರಾತ್‌ಶೀಲ್ಡನ ಪಿಟೀಲು’ ಕೂಡ ಇದೇ ಕಾಲದ್ದು. ನನ್ನಂತಹ ಲೆಕ್ಕದವರು ತಪ್ಪದೆ ಓದಬೇಕಾದ ಕಥೆ ಇದು. ಯಾಕೊವ್ ಎಂಬ ಎಪ್ಪತ್ತರ ಮುದುಕ ಶವಪೆಟ್ಟಿಗೆ ಮಾಡುವ ಬಡಗಿ. ಊರಿನಲ್ಲಿ ಸಾಕಷ್ಟು ಜನ ಸಾಯುವುದಿಲ್ಲ ಎಂಬುದೇ ಅವನ ಕೊರಗು. ದಿನವೂ ಪುಸ್ತಕದಲ್ಲಿ ನಷ್ಟ ಬರೆಯುತ್ತಾನೆ. ಹಬ್ಬದ ದಿನ ಕೆಲಸವಿಲ್ಲ, ನಷ್ಟ. ಸಾಯಬೇಕಾದ ಅಧಿಕಾರಿ ಬೇರೆ ಊರಿಗೆ ಹೋಗಿ ಸತ್ತ, ನಷ್ಟ. ವರ್ಷದ ನಷ್ಟವನ್ನು ಕೂಡಿಸಿ, ಅಷ್ಟು ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ನಷ್ಟಕ್ಕೇ ಸೇರಿಸುತ್ತಾನೆ. ಹೆಂಡತಿ ಮಾರ್ಫ ಹಾಸಿಗೆ ಹಿಡಿದಾಗ, ಅವಳಿಗೆ ಇನ್ನೂ ಜೀವವಿರುವಾಗಲೇ ಅಳತೆಗೋಲು ಹಿಡಿದು ಅಳೆದು, ಪೆಟ್ಟಿಗೆ ಮಾಡಿ, ಎರಡು ರೂಬಲ್ ನಲವತ್ತು ಕೊಪೆಕ್ ಎಂದು ಖರ್ಚು ಬರೆಯುತ್ತಾನೆ. ಐವತ್ತು ವರ್ಷಗಳ ಹಿಂದೆ ತಮಗೊಂದು ಹೊಂಗೂದಲಿನ ಮಗುವಿತ್ತು, ಹೊಳೆಯ ದಂಡೆಯ ಮರದ ಕೆಳಗೆ ಕೂತು ಹಾಡುತ್ತಿದ್ದೆವು ಎಂದು ಸಾಯುವ ಮುನ್ನ ಮಾರ್ಫ ನೆನಪಿಸುತ್ತಾಳೆ. ಎಷ್ಟು ಯತ್ನಿಸಿದರೂ ಅವನಿಗೆ ನೆನಪಾಗುವುದಿಲ್ಲ. ಅವಳನ್ನು ಮಣ್ಣು ಮಾಡಿ ಹಿಂದಿರುಗುವಾಗ ಹೊಳೆಯ ದಂಡೆಗೆ ಬರುತ್ತಾನೆ, ಆ ಮರವನ್ನು ಕಾಣುತ್ತಾನೆ. ಆಗ ನೆನಪಾಗುತ್ತದೆ. ಇಡೀ ಆಯುಷ್ಯ ಬರೆದ ಪುಸ್ತಕದಲ್ಲಿ ನಿಜವಾದ ನಷ್ಟ ಒಂದೂ ಬರೆದಿರಲಿಲ್ಲ ಎಂದು ಅವನಿಗೆ ಹೊಳೆಯುತ್ತದೆ. ತಾನು ಸಾಯುವ ಮುನ್ನ ತನ್ನ ಪಿಟೀಲನ್ನು, ತಾನು ವಿನಾಕಾರಣ ದ್ವೇಷಿಸಿದ್ದ ರಾತ್‌ಶೀಲ್ಡ್ ಎಂಬ ಬಡ ಯಹೂದಿ ವಾದ್ಯಗಾರನಿಗೆ ಕೊಡಿಸುತ್ತಾನೆ. ಅವನ ಕೊನೆಯ ರಾಗ ಆ ಇನ್ನೊಬ್ಬನ ಕೈಯಲ್ಲಿ ಉಳಿದು, ಕೇಳಿದವರನ್ನೆಲ್ಲ ಅಳಿಸುತ್ತದೆ.

1897ರ ಮಾರ್ಚಿನಲ್ಲಿ ಗುಟ್ಟು ಬಯಲಾಯಿತು. ಮಾಸ್ಕೋದ ಹೋಟೆಲೊಂದರಲ್ಲಿ ಸುವೋರಿನ್ ಜೊತೆ ಊಟಕ್ಕೆ ಕುಳಿತಾಗ ಬಾಯಿಯಿಂದ ರಕ್ತ ಹರಿಯತೊಡಗಿತು. ಆಸ್ಪತ್ರೆಗೆ ಸೇರಿಸಿದರು, ಎರಡು ಶ್ವಾಸಕೋಶಗಳಿಗೂ ಕ್ಷಯ ತಗುಲಿದೆಯೆಂದು ವೈದ್ಯರು ಹೇಳಿದರು. ಕೆಲವೇ ದಿನಗಳಲ್ಲಿ ಅರುವತ್ತೆಂಟರ ಟಾಲ್‌ಸ್ಟಾಯ್ ಅವನನ್ನು ನೋಡಲು ಬಂದ. ಮಾತನಾಡಬಾರದೆಂದು ವೈದ್ಯರು ವಿಧಿಸಿದ್ದ ರೋಗಿಯ ಮುಂದೆ ಆತ ಆತ್ಮದ ಅಮರತ್ವವನ್ನು ಕುರಿತು ದೀರ್ಘವಾಗಿ ಮಾತನಾಡಿದ. ಹೆಸರಿಲ್ಲದ, ರೂಪವಿಲ್ಲದ ಅಂತಹ ಅಮರತ್ವ ತನಗೆ ಬೇಡವೆಂದು ಚೆಕಾವನಿಗೆ ಅನಿಸಿತು. ಅಂದಿನ ರಾತ್ರಿ ಮತ್ತೆ ರಕ್ತಸ್ರಾವವಾಯಿತು. ಮಹರ್ಷಿಯಂತಹ ಟಾಲ್‌ಸ್ಟಾಯ್ ಸಾವಿನಾಚೆಗೆ ನೋಡಿದ. ವೈದ್ಯನಾದ ಚೆಕಾವ್ ಸಾವಿನ ಈಚೆಗೆ ಉಳಿಯುವವರನ್ನು ನೋಡಿದ. ಇಬ್ಬರ ಕಥೆಗಳಿಗೂ ಇರುವ ಅಂತರ ಇದೇ ಎನ್ನಬಹುದು.

1898ರಲ್ಲಿ ತಂದೆ ತೀರಿಕೊಂಡ. ಮೆಲಿಖೊವೊ ಮಾರಿ, ಬೆಚ್ಚಗಿನ ಹವೆಗಾಗಿ ಕಪ್ಪು ಸಮುದ್ರದ ದಂಡೆಯ ಯಾಲ್ಟಾದಲ್ಲಿ ಮನೆ ಕಟ್ಟಿದ. 1899ರಲ್ಲಿ ತನ್ನ ಕೃತಿಗಳ ಹಕ್ಕನ್ನು ಪ್ರಕಾಶಕ ಮಾರ್ಕ್ಸ್ ಎಂಬಾತನಿಗೆ 75,000 ರೂಬಲ್‌ಗಳಿಗೆ ಮಾರಿದ. ವ್ಯಾಪಾರದ ದೃಷ್ಟಿಯಿಂದ ಅದು ಜಾಣತನವಲ್ಲವೆಂದು ಹಿತೈಷಿಗಳು ಹೇಳಿದರು. ತನಗಿರುವ ಕಾಲಾವಧಿ ಎಷ್ಟೆಂದು ಬಲ್ಲವನ ಲೆಕ್ಕ ಬೇರೆಯೇ ಇದ್ದಿರಬೇಕು. ಯಾಲ್ಟಾಕ್ಕೆ ಬರುತ್ತಿದ್ದ ನಿರ್ಗತಿಕ ಕ್ಷಯರೋಗಿಗಳಿಗಾಗಿ ಚಂದಾ ಎತ್ತಿ ಆರೋಗ್ಯಧಾಮಕ್ಕೆ ನೆರವಾದ. ಗಾರ್ಕಿ, ಬೂನಿನ್ ಮೊದಲಾದ ಕಿರಿಯ ಲೇಖಕರು ಅವನ ಮನೆಯಂಗಳದಲ್ಲಿ ಕುಳಿತರು. ಗಾರ್ಕಿಯ ಆಯ್ಕೆಯನ್ನು ಸರ್ಕಾರ ರದ್ದುಪಡಿಸಿದಾಗ, 1902ರಲ್ಲಿ ಅಕಾಡೆಮಿಯ ಗೌರವ ಸದಸ್ಯತ್ವವನ್ನು ಹಿಂದಿರುಗಿಸಿದ. ಅವನ ನಾಟಕಗಳಿಗೆ ಮಾಸ್ಕೋ ಆರ್ಟ್ ಥಿಯೇಟರ್ ಜೀವ ತುಂಬಿತು. ಆ ರಂಗದ ನಟಿ ಓಲ್ಗಾ ನಿಪ್ಪರಳನ್ನು 1901ರಲ್ಲಿ ವರಿಸಿದ. ಅವಳಿಗೆ ರಂಗಭೂಮಿ ಮಾಸ್ಕೋದಲ್ಲಿ, ಅವನಿಗೆ ಉಸಿರು ಯಾಲ್ಟಾದಲ್ಲಿ. ದಾಂಪತ್ಯದ ಬಹುಭಾಗ ಪತ್ರಗಳಲ್ಲಿಯೇ ಕಳೆಯಿತು.

ಮರುವರ್ಷ ಬಂದದ್ದು ‘ಬಿಷಪ್’ ಕಥೆ. ಬಡ ಕುಟುಂಬದಿಂದ ಬಂದು ಧರ್ಮಗುರುವಾಗಿ ಮೇಲೇರಿದವನನ್ನು ನೋಡಲು ಒಂಬತ್ತು ವರ್ಷಗಳ ನಂತರ ಹೆತ್ತ ತಾಯಿ ಬರುತ್ತಾಳೆ. ಅವನ ಪದವಿಗೆ ಅಂಜಿ, ಮಗನನ್ನೇ ಬಹುವಚನದಲ್ಲಿ ಮಾತನಾಡಿಸುತ್ತಾಳೆ, ಅವನೆದುರು ಕೂರಲು ಹಿಂಜರಿಯುತ್ತಾಳೆ. ಈಸ್ಟರ್ ಹಬ್ಬದ ಹಿಂದಿನ ದಿನ ಅವನು ಸಾಯುವಾಗ ಆ ಬಹುವಚನ ಕಳಚಿ ಬೀಳುತ್ತದೆ. ಬಾಲ್ಯದ ಮುದ್ದು ಹೆಸರಿನಿಂದ ಕರೆದು ಮಗುವಿನಂತೆ ಮುದ್ದಿಸುತ್ತಾಳೆ. ಆಮೇಲೆ ಹೊಸ ಬಿಷಪ್ ಬರುತ್ತಾನೆ, ಜನ ಮರೆಯುತ್ತಾರೆ. ಎಲ್ಲೋ ದೂರದ ಪುಟ್ಟ ಊರಿನಲ್ಲಿ, ಸಂಜೆ ಹಸು ಹೊಡೆದುಕೊಂಡು ಬರಲು ಹೋದಾಗ, ತನಗೆ ಬಿಷಪ್ ಆಗಿದ್ದ ಮಗನೊಬ್ಬನಿದ್ದ ಎಂದು ಆ ಮುದುಕಿ ಇತರ ಹೆಂಗಸರಿಗೆ ಅಳುಕುತ್ತ ಹೇಳುತ್ತಾಳೆ. ಎಲ್ಲರೂ ನಂಬುವುದಿಲ್ಲ. ‘ಸಂಕಟ’ದ ಗಾಡಿಯವನಿಂದ ಈ ತಾಯಿಯವರೆಗೆ ಹದಿನಾರು ವರ್ಷ ಚೆಕಾವ್ ಕೇಳುತ್ತ ಬಂದ ಪ್ರಶ್ನೆ ಒಂದೇ: ಸತ್ತವರನ್ನು ಕುರಿತು ಹೇಳಲು ಬದುಕಿರುವವರಿಗೆ ಎರಡು ಕಿವಿಗಳಾದರೂ ಇರಬೇಡವೇ?

1904ರ ಜನವರಿಯಲ್ಲಿ, ಅವನ ಜನ್ಮದಿನದಂದೇ, ‘ಚೆರ್ರಿ ತೋಪು’ ನಾಟಕದ ಮೊದಲ ಪ್ರದರ್ಶನ ನಡೆಯಿತು. ಸನ್ಮಾನದ ಭಾಷಣಗಳ ನಡುವೆ ವೇದಿಕೆಯ ಮೇಲೆ ನಿಲ್ಲಲೂ ಅವನಿಗೆ ಶಕ್ತಿಯಿರಲಿಲ್ಲ. ಜೂನ್ ತಿಂಗಳಿನಲ್ಲಿ ಓಲ್ಗಾ ಅವನನ್ನು ಜರ್ಮನಿಯ ಬಾಡೆನ್‌ವೈಲರ್ ಎಂಬ ಆರೋಗ್ಯಧಾಮದ ಊರಿಗೆ ಕರೆದೊಯ್ದಳು. ತಾನು ಚೇತರಿಸಿಕೊಳ್ಳುತ್ತಿದ್ದೇನೆಂದೇ ತಾಯಿಗೂ ತಂಗಿಗೂ ಅಲ್ಲಿಂದ ಪತ್ರ ಬರೆದ. ಕೊನೆಯ ಸಂಜೆಯೂ ಅವನು ಹೆಂಡತಿಗೆ ಒಂದು ಕಥೆ ಕಟ್ಟಿ ಹೇಳಿದ: ವಿಹಾರಧಾಮಕ್ಕೆ ಬಂದ ಹೊಟ್ಟೆಬಾಕ ಶ್ರೀಮಂತರು ಸುತ್ತಾಡಿ ಹಸಿದು ಬಂದರೆ, ಹೋಟೆಲಿನ ಅಡುಗೆಯವನೇ ಓಡಿಹೋಗಿದ್ದಾನೆ! ಅಷ್ಟು ದಿನಗಳ ಆತಂಕದ ನಡುವೆ ಓಲ್ಗಾ ಮನಸಾರೆ ನಕ್ಕಳು. ನಡುರಾತ್ರಿಯ ನಂತರ ಅವನಿಗೆ ಎಚ್ಚರವಾಯಿತು. ಬಾಳಿನಲ್ಲಿ ಮೊದಲ ಬಾರಿಗೆ ತಾನಾಗಿಯೇ ವೈದ್ಯರನ್ನು ಕರೆಸಲು ಹೇಳಿದ. ತಾನು ಸಾಯುತ್ತಿರುವುದಾಗಿ ಆ ವೈದ್ಯನಿಗೆ ಜರ್ಮನ್ ಭಾಷೆಯಲ್ಲಿ ತಿಳಿಸಿದ. ವೈದ್ಯ ಷಾಂಪೇನ್ ತರಿಸಿದ. ಬಹಳ ದಿನಗಳಿಂದ ಅದನ್ನು ಕುಡಿದಿರಲಿಲ್ಲವೆಂದು ಮುಗುಳ್ನಕ್ಕು, ಲೋಟ ಬರಿದು ಮಾಡಿ, ಎಡ ಮಗ್ಗುಲಿಗೆ ತಿರುಗಿ ಮಲಗಿದ. 1904ರ ಜುಲೈ 15ರ ನಸುಕು ಅದು. ವಯಸ್ಸು ನಲವತ್ತನಾಲ್ಕು.

ಅವನ ದೇಹ ಮಾಸ್ಕೋ ತಲುಪಿದ್ದು ಸಿಂಪಿಗಳನ್ನು ಸಾಗಿಸುವ ಶೀತಲ ರೈಲು ಡಬ್ಬಿಯಲ್ಲಿ. ಅದನ್ನು ಕಂಡು ಗಾರ್ಕಿ ಕಿಡಿಕಿಡಿಯಾದ. ಚೆಕಾವ್ ಬದುಕಿದ್ದರೆ ಅದನ್ನೇ ಒಂದು ಕಥೆ ಮಾಡಿ ನಕ್ಕುಬಿಡುತ್ತಿದ್ದನೇನೋ. ನೊವೊದೆವಿಚಿ ಮಠದ ರುದ್ರಭೂಮಿಯಲ್ಲಿ ತಂದೆಯ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಿದರು. ತಾಯಿ ಯೆವ್ಗೇನಿಯಾ ಮಗನಿಲ್ಲದೆ 1919ರವರೆಗೆ ಬದುಕಿದಳು. ತಂಗಿ ಮರಿಯಾ ಯಾಲ್ಟಾದ ಮನೆಯನ್ನು, ಅಣ್ಣ ಬಿಟ್ಟುಹೋದ ಕೋಣೆಯನ್ನು, ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಕೈಬಿಡದೆ ಕಾಪಾಡಿ, ಬಂದವರಿಗೆಲ್ಲ ಅಣ್ಣನ ಕಥೆ ಹೇಳುತ್ತ 1957ರಲ್ಲಿ ತೀರಿಕೊಂಡಳು. ಹೇಳಲು ಆಕೆಗೆ ಕಿವಿಗಳು ದೊರೆತವು.

ನಮ್ಮ ನಗರದ ಮನೆಗಳಲ್ಲಿ ಸಾವಾದರೆ ಹದಿಮೂರು ದಿನ ಬಂದುಹೋಗುವವರಿರುತ್ತಾರೆ. ನಂತರ ಎಲ್ಲರಿಗೂ ಕಚೇರಿ, ಲೋಕಲ್ ರೈಲು, ಮಕ್ಕಳ ಪರೀಕ್ಷೆ. ಹದಿನಾಲ್ಕನೆಯ ದಿನದಿಂದ ಆ ಮನೆಯವರು ಯಾರಿಗೆ ಹೇಳಿಕೊಳ್ಳಬೇಕು? ಚೆಕಾವನ ಕಥೆಗಳನ್ನು ಓದಿದರೆ ಸಾವಿನ ಭಯ ಹೋಗುವುದೆಂದು ನಾನು ಹೇಳಲಾರೆ. ಪಕ್ಕದ ಮನೆಯ ಬಾಗಿಲು ತಟ್ಟಿ, ಅರ್ಧ ಗಂಟೆ ಸುಮ್ಮನೆ ಕೂತು ಬರಬೇಕೆಂದು ಅನಿಸಿದರೆ ಓದಿದ್ದು ಸಾರ್ಥಕ.

ಮೃತರ ಖಾತೆಯ ಮೇಜು ನನಗೆ ಆಮೇಲೆಯೂ ಹಲವು ಸಲ ಬಂತು. ಬಂದವರು ಮಾತು ತೆಗೆದರೆ ಕಡತವನ್ನು ಪಕ್ಕಕ್ಕಿಟ್ಟು ಕೇಳುವುದನ್ನು ರೂಢಿ ಮಾಡಿಕೊಂಡೆ. ಸಾಲಿನಲ್ಲಿದ್ದವರು ಕೆಲವೊಮ್ಮೆ ಗೊಣಗಿದ್ದುಂಟು. ಆದರೆ ಅಂದು ಬಂದಿದ್ದ ಆ ವೃದ್ಧರು ಮತ್ತೆ ನಮ್ಮ ಶಾಖೆಗೆ ಬರಲಿಲ್ಲ. ಜ್ವರ ಬಂದ ದಿನದಿಂದ ಆರಂಭವಾಗಿದ್ದ ಅವರ ಮಗನ ಕಥೆ ಮುಂದೇನಾಯಿತೆಂಬುದು ನನಗೆ ಇಂದಿಗೂ ತಿಳಿಯದು.